ಎಡಗಡೆಯ ಗೋಡೆ

ಮತ್ತೆ ಎಡಕ್ಕೇ ನೋಡಿದ, ಅಲ್ಲೇನಿದೆ, ಬೋಳು ಗೋಡೆ, ಅಡುಗೆಮನೆಯ ಬಾಗಿಲನ್ನು ಈ ಟಿವಿಯವರು ಬಲಕ್ಕೆ ಇಟ್ಟಿದ್ದಾರೆ, ಹೆಂಡತಿ ಪಾತ್ರದವಳು ಬಲಗಡೆ ಸೌಟು ಹಿಡಿದು ನಿಂತಿದ್ದಾಳೆ, ಚೆಂದದ ಹುಡುಗಿ, ಮೂಗು ನೆಟ್ಟಗಿದೆ, ಇರಲಿ — ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ, ನೋಡೇ, ಸುಳ್ಳು ಹೊಳೀದಿದ್ರೆ ಹೇಗೆ ಗೋಡೆ ನೋಡ್ತಾನೆ ಅಂತ, ನಿನ್ನೆ ಹೋದ ಮನುಷ್ಯನ ಸಿನಿಮಾ ನೋಡಿ ಇಷ್ಟು ನಗಬಹುದೇ, ಅವನಿಗೆ ಬೇಕಿದ್ದದ್ದೂ ಅದೇ ಅನ್ನು, ಪರದೆಯ ಕೆಳಗೆ ಅಕ್ಷರ ಓಡುತ್ತಿದೆ, ಹಿರಿಯ ಹಾಸ್ಯನಟ ಇನ್ನಿಲ್ಲ, ಎಂಥ ಹಿರಿಯ, ಪುಣ್ಯಾತ್ಮನಿಗೆ ಮಾತೇ ನೆನಪಿರುತ್ತಿರಲಿಲ್ಲ. ರಂಗದ ಮೇಲೆ ಇದೇ ನಾಟಕಕ್ಕೆ ಎಷ್ಟೋ ವರ್ಷ ನಾನೇ ಅವನ ಹೆಂಡತಿ, ಬಾಗಿಲು ಎಡಕ್ಕೆ, ನಾನು ನಿಲ್ಲುವುದು ಅಲ್ಲೇ, ಅವನು ಮನೆ ಮಾಲೀಕನಿಗೆ ಸುಳ್ಳಿನ ಮೇಲೆ ಸುಳ್ಳು ಪೋಣಿಸಬೇಕು, ನಡುವೆ ಮಾತು ಮರೆತು ನನ್ನತ್ತ ತಿರುಗುತ್ತಾನೆ, ನಾನು ತುಟಿಯಲ್ಲೇ ಎತ್ತಿಕೊಡುತ್ತೇನೆ, ಸಿಕ್ಕಿತು ಎಂದು ಚೂರೇ ಚೂರು ತಲೆಯಾಡಿಸುತ್ತಾನೆ, ಜನ ಅದನ್ನೂ ನಾಟಕವೆಂದೇ ನಗುತ್ತಿದ್ದರು, ಈ ನಿರ್ದೇಶಕನೂ ತಮಾಷೆ ಎಂದೇ ಉಳಿಸಿಕೊಂಡಿರಬೇಕು, ಇವರಿಗೇನು ಗೊತ್ತು, ಆ ತಲೆಯಾಟಕ್ಕಾಗಿ ನಾನು ಜ್ವರದಲ್ಲೂ ಬಣ್ಣ ಹಚ್ಚಿದ್ದು.

ಇದೇ ನಾಟಕವನ್ನು ಸಿನಿಮಾ ಮಾಡಲು ಟಿವಿಯವರು ಕರೆದಾಗ ಬಣ್ಣದ ಕೋಣೆಗೆ ಬಂದು ನಿಂತ, ನೀವು ಬಂದ್ರೆ ಮಾಡ್ತೀನಿ, ಇಲ್ಲಾಂದ್ರೆ ಬೇಡ ಬಿಡಿ, ನನಗೆ ಪಕ್ಕದಲ್ಲಿ ನೀವೇ ಇರ್ಬೇಕು — ಅಷ್ಟು ಹೇಳುವುದರೊಳಗೆ ಕಿವಿಯೆಲ್ಲ ಕೆಂಪು, ಮದುವೆಯ ಮಾತೂ ಅದರ ಬೆನ್ನಿಗೇ ಬರುವುದಿತ್ತು, ನನಗೆ ಗೊತ್ತಿತ್ತು, ನಾಟಕದ ಮಾತಾಗಿದ್ದರೆ ಎತ್ತಿಕೊಡುತ್ತಿದ್ದೆ, ಆದರೆ ಆ ಟಿವಿಯವರು ಮೊದಲು ಸ್ಕ್ರೀನ್ ಟೆಸ್ಟಿಗೆ ಬರಲಿ ಎಂದಿದ್ದರಲ್ಲ, ನನಗೆ, ನನಗೇ, ಅದೇ ಉರಿ, ತಿರುಗಿಯೂ ನೋಡದೆ ಮುಖದ ಬಣ್ಣ ಒರೆಸಿಕೊಳ್ಳುತ್ತ, ನೀವು ಹೋಗಿ, ನಾನ್ಯಾಕೆ ನಿಮಗೆ ಊರುಗೋಲು ಅಂದುಬಿಟ್ಟೆ. ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದ. ಹಾಳು ಬಿಗುಮಾನ, ಬರ್ತೀನಿ ಅನ್ನಲು ಬಾಯಿ ಬಿದ್ದುಹೋಗಿತ್ತೇ, ಆಮೇಲೆ ಅವನ ಮನೆಯಲ್ಲಿ ಅವನೊಬ್ಬ, ಅಕ್ಕನ ಮನೆಯಲ್ಲಿ ನಾನು, ಈ ಸಿನಿಮಾವನ್ನು ಇವತ್ತಿನವರೆಗೂ ಹಟ ಹಿಡಿದು ನೋಡಲಿಲ್ಲ, ಒಂದೇ ಒಂದು ಸಲ ನೋಡಿದ್ದಿದ್ದರೆ, ಅವನು ಇದ್ದಾಗ — ಅಕ್ಕಾ, ಸ್ವಲ್ಪ ಸುಮ್ನಿರೇ, ಈಗ ಮರೆಯುತ್ತಾನೆ, ಇಲ್ಲೇ, ಯಾವಾಗಲೂ ಇಲ್ಲೇ, ನನ್ನ ತುಟಿ ತಾನಾಗಿಯೇ ಅಲುಗುತ್ತಿದೆ, ಎಡಕ್ಕೆ ತಿರುಗಿದ, ಕಾಯುತ್ತಿದ್ದಾನೆ, ಇನ್ನೂ ಕಾಯುತ್ತಿದ್ದಾನೆ, ಗೋಡೆ, ಬೋಳು ಗೋಡೆ, ಆ ಗೋಡೆಗೇ ಚೂರೇ ಚೂರು ತಲೆಯಾಡಿಸಿದ