ಅಜ್ಜಿ ಕಟ್ಟಿದ ಆಡು

ನನ್ನ ಹೆಸರು ಸಹನಾ. ಇಂಥ ಹೆಸರಿಟ್ಟುಕೊಂಡು ಇಷ್ಟು ಕೋಪ ಮಾಡಿಕೊಂಡರೆ ಹೇಗೆ ಎಂದು ಸ್ಟಾಫ್ ರೂಮಿನಲ್ಲಿ ಕಾಲೆಳೆಯುತ್ತಾರೆ. ಎಳೆಯಲಿ. ಕಳೆದ ಭಾನುವಾರ ಮಧುಗಿರಿಯಲ್ಲಿ ನನ್ನ ಮೊದಲ ಕಥಾಸಂಕಲನದ ಬಿಡುಗಡೆ ಇತ್ತು. ಅಲ್ಲಿ ಏನಾಯಿತು ಎಂಬ ಬಗ್ಗೆ ಊರಲ್ಲಿ ತಲೆಗೊಂದು ಮಾತು ಓಡಾಡುತ್ತಿದೆ. ನಾನು ಮುಖ್ಯ ಅತಿಥಿಗಳಿಗೆ ಹೊಡೆದೆ ಎಂಬುದೂ ಅದರಲ್ಲೊಂದು. ನಾನು ಹೊಡೆಯಲಿಲ್ಲ. ಅವರ ಅಂಗೈಯನ್ನು ಅವರದೇ ಬಾಯಿಯ ಮುಂದೆ ಹಿಡಿಸಿದೆ, ಅಷ್ಟೇ. ಯಾಕೆ ಎಂದು ಹೇಳಬೇಕಾದರೆ ಒಂದು ಅಕ್ಷರದ ವಿಷಯ ಹೇಳಬೇಕು. ಆ ಅಕ್ಷರ ಹ.

ನಮ್ಮ ಮನೆಯಲ್ಲಿ ಆ ಅಕ್ಷರ ಇರಲಿಲ್ಲ. ಹಾಲು ಆಲಾಗಿತ್ತು, ಹೊಲ ಒಲವಾಗಿತ್ತು, ನಾನು ಸಾನಾ ಆಗಿದ್ದೆ. ಅಜ್ಜಿ ರಾಮಾಂಜಿನಮ್ಮನ ತವರು ಪಾವಗಡದ ಕಡೆ ಬಲಸಮುದ್ರ. ಅವಳ ಮಾತಿನಲ್ಲಿ ಅರ್ಧ ತೆಲುಗು, ಉಳಿದರ್ಧದಲ್ಲಿ ಹಕಾರವಿಲ್ಲದ ಕನ್ನಡ. ಅಪ್ಪ ಅಮ್ಮ ಇಟ್ಟಿಗೆ ಗೂಡಿಗೆ ಹೋದರೆ ನನ್ನನ್ನು ನೋಡಿಕೊಳ್ಳುವವಳು ಅವಳೇ. ಬೇಸಿಗೆಯಲ್ಲಿ ಅವಳು ನನ್ನನ್ನೂ ಕರೆದುಕೊಂಡು ಸಾಹುಕಾರರ ಮನೆಗೆ ಹುಣಸೆಹಣ್ಣು ಕುಟ್ಟಲು ಹೋಗುತ್ತಿದ್ದಳು. ಹಿತ್ತಿಲಲ್ಲಿ ಒಂದು ಕಲ್ಲು, ಕೈಯಲ್ಲಿ ಸಣ್ಣ ಸುತ್ತಿಗೆ. ಸಿಪ್ಪೆ ಬಿಡಿಸಿ, ನಾರು ಎಳೆದು, ಕುಟ್ಟಿ ಬೀಜ ತೆಗೆಯಬೇಕು. ನಾವು ಕುಟ್ಟಿದ ಹಣ್ಣು ಬುಟ್ಟಿಬುಟ್ಟಿಯಾಗಿ ಅವರ ಅಡುಗೆಮನೆಗೆ ಹೋಗುತ್ತಿತ್ತು. ನಾವು ಹಿತ್ತಿಲ ಬಾಗಿಲು ದಾಟುವಂತಿರಲಿಲ್ಲ. ನೀರನ್ನೂ ಮೇಲಿಂದ ಹೊಯ್ಯುತ್ತಿದ್ದರು, ಬೊಗಸೆ ಒಡ್ಡಬೇಕಿತ್ತು. ಹುಳಿಗೆ ಬಿರುಕುಬಿಟ್ಟ ಬೆರಳು ಉರಿಯುತ್ತಿದ್ದರೂ ಅಜ್ಜಿ ಸುತ್ತಿಗೆಯ ಏಟಿಗೆ ಸರಿಯಾಗಿ ಹಾಡು ಕಟ್ಟುತ್ತಿದ್ದಳು.

"ಉಣ್ಸೆಣ್ಣು ಕುಟ್ಟೀನಿ, ಉಳಿಯೆಲ್ಲ ನನ್ ಕೈಗೆ, ಸಾರೆಲ್ಲ ನಿನ್ ಮನೆಗೆ ಸಾವ್ಕಾರ."

ಸಾಹುಕಾರರ ಹೆಂಡತಿ ಒಳಗಿಂದ ಕೇಳಿ, "ಚೆನ್ನಾಗಿ ಹಾಡ್ತೀಯ ಕಣೇ" ಎನ್ನುತ್ತಿದ್ದರು. ಅಜ್ಜಿ ಅವರಿಗೆ ಬೈಯುತ್ತಿದ್ದಾಳೆ ಎಂದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ. ಬೈಗುಳವನ್ನು ಎದುರಿಗೇ ಹೇಳಿ ಶಹಬ್ಬಾಸ್ ಎನ್ನಿಸಿಕೊಳ್ಳಬಹುದು ಎಂದು ಆ ಹಿತ್ತಿಲಲ್ಲಿ ನನಗೆ ಗೊತ್ತಾಯಿತು. ನನಗೆ ಬರೆಯುವ ಹುಚ್ಚು ಹಿಡಿದದ್ದು ಅಲ್ಲೇ.

ಮೊದಲು ಬರೆದದ್ದು ಆ ಹಾಡನ್ನೇ. ಅಜ್ಜಿಯ ಬಾಯಿಂದ ಬಂದ ಹಾಗೇ ಬರೆದುಕೊಂಡು ಹೋಗಿ ಮಹಾಲಿಂಗಯ್ಯ ಮೇಷ್ಟ್ರಿಗೆ ತೋರಿಸಿದೆ. ಅವರು ಓದಿ ನಕ್ಕರು. "ಉಳಿ ಅಂದರೆ ಬಡಗಿ ಹತ್ರ ಇರುತ್ತಲ್ಲ, ಅದು. ನಿಮ್ಮಜ್ಜಿ ಹುಣಸೆಹಣ್ಣನ್ನ ಉಳಿಯಲ್ಲಿ ಕೆತ್ತುತ್ತಾಳೇನೇ?" ಇಡೀ ತರಗತಿ ನಕ್ಕಿತು. ಹೆಸರೇನು ಎಂದು ಗದರಿದರು. ಗಾಬರಿಯಲ್ಲಿ "ನನ್ನೆಸ್ರು ಸಾನಾ ಸಾ" ಎಂದೆ. "ಎಸರು ಒಲೆ ಮೇಲೆ ಇರುತ್ತೆ. ನಿನಗಿರೋದು ಹೆಸರು." ನನ್ನ ಕೈ ಎಳೆದು ಬಾಯಿಯ ಮುಂದೆ ಹಿಡಿಸಿದರು. ಹ ಎಂದರೆ ಅಂಗೈಗೆ ಬಿಸಿ ಗಾಳಿ ತಾಗಬೇಕು. ತಾಗಲಿಲ್ಲ. ಅದೇ ಅಂಗೈಗೆ ಬೆತ್ತ ಬಿತ್ತು.

ಮೇಷ್ಟ್ರ ಪಾಠ ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಬೆತ್ತಕ್ಕೆ ಮಾತ್ರ ಕ್ಷಮೆಯಿಲ್ಲ. ನಮ್ಮ ಸೀಮೆಯಲ್ಲಿ ಗೌಡರ ಮಕ್ಕಳಿಗೂ ಹಕಾರ ಬರುತ್ತಿರಲಿಲ್ಲ, ಸಾಹುಕಾರರ ಮನೆಯ ಆಳುಮಕ್ಕಳಿಗೂ ಬರುತ್ತಿರಲಿಲ್ಲ. ಏಟು ಬೀಳುತ್ತಿದ್ದದ್ದು ಕೊನೆ ಸಾಲಿನಲ್ಲಿ ಕೂತ ನಮಗೆ. ನಾನು ಹಟ ಹಿಡಿದೆ. ಹಿತ್ತಿಲಲ್ಲಿ ಅಜ್ಜಿಯ ಪಕ್ಕ ಕೂತು, ಹುಣಸೆ ಅಂಟಿದ ಅಂಗೈ ಬಾಯಿಗೆ ಹಿಡಿದು ಹ ಹ ಎನ್ನುತ್ತಿದ್ದೆ. "ಏನಮ್ಮಾ, ಕಾರ ತಿಂದೇನೆ?" ಎಂದು ಅಜ್ಜಿ ಕೇಳುತ್ತಿದ್ದಳು. ಒಂದು ದಿನ ಗಾಳಿ ತಾಗಿತು. ಆವತ್ತಿನಿಂದ ಆ ಅಕ್ಷರ ನನ್ನದು. ಯಾರೂ ದಾನ ಕೊಟ್ಟದ್ದಲ್ಲ.

ಆಮೇಲೆ ಓದಿದೆ, ಎಂ.ಎ. ಮಾಡಿದೆ, ಕೊರಟಗೆರೆಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದೆ. ಬರೆಯುವುದನ್ನು ಬಿಡಲಿಲ್ಲ. ಬರೆದದ್ದನ್ನು ಹಾಕುವವರು ಸಿಗಲಿಲ್ಲ. ಒಬ್ಬರು "ಇನ್ನೂ ಪಾಕ ಬರಬೇಕು" ಎಂದರು, ಇನ್ನೊಬ್ಬರು ಉತ್ತರವನ್ನೇ ಕೊಡಲಿಲ್ಲ, ಮತ್ತೊಬ್ಬರು ಕತೆ ಬಿಟ್ಟು ನನ್ನ ಜಾತಿ ಪ್ರಮಾಣಪತ್ರದ ವಿವರವನ್ನೆಲ್ಲ ನಯವಾಗಿ ವಿಚಾರಿಸಿದರು. ನನ್ನ ಜೊತೆಯವರ ಮಕ್ಕಳು ಕಾಲೇಜಿಗೆ ಹೋಗುವಷ್ಟು ವರ್ಷ ಹೀಗೇ ಕಳೆಯಿತು. ನಾನು ಒಂದು ನಿಯಮ ಮಾಡಿಕೊಂಡಿದ್ದೆ. ಕತೆಯೊಳಗೆ ಅಜ್ಜಿ ಮಾತಾಡಿದರೆ ಅಜ್ಜಿಯ ಹಾಗೆ, ಹಕಾರವಿಲ್ಲದೆ. ಕತೆ ಹೇಳುವವಳು ನಾನು, ನನ್ನ ಹಾಗೆ, ಹಕಾರದ ಜೊತೆ. ಅವಳ ಬಾಯಿಗೂ ನನ್ನ ಕೈಗೂ ನಡುವೆ ಬಂದ ದೂರ ಓದುವವರಿಗೆ ಕೇಳಬೇಕು ಎಂಬುದು ನನ್ನ ಆಸೆ.

ಕೊನೆಗೆ ಒಪ್ಪಿದವರು ಗೌರೀಶ್. ಶಿರಾದವರು, ತುಮಕೂರಿನಲ್ಲಿ ಪ್ರಕಾಶನ ನಡೆಸುತ್ತಾರೆ. "ಅಜ್ಜಿ ಕಟ್ಟಿದ ಹಾಡು" ಎಂಬ ಕತೆ ಓದಿ ಕಣ್ಣೀರು ಬಂತು ಎಂದರು. ಸಂಕಲನಕ್ಕೂ ಅದೇ ಹೆಸರಿಡೋಣ ಎಂದರು. "ಮಣ್ಣಿನ ವಾಸನೆ ಇನ್ನೊಂಚೂರು ಬೇಕಿತ್ತು ಮೇಡಂ" ಎಂದೂ ಸೇರಿಸಿದರು. ಪ್ರಕಾಶಕರು ಏನಾದರೂ ಒಂದು ಅನ್ನಲೇಬೇಕಲ್ಲ ಎಂದು ಸುಮ್ಮನಾದೆ. ಕರಡು ಬಂತು, ಅಕ್ಷರ ಅಕ್ಷರ ತಿದ್ದಿ ಕಳಿಸಿದೆ. ಅಜ್ಜಿಗೆ ಹೇಳಿದೆ, ನಿನ್ನ ಹಾಡು ಅಚ್ಚಾಗುತ್ತದೆ ಎಂದು. ಅವಳು ಮೊಮ್ಮಗನ ಮದುವೆಗೆಂದು ಎತ್ತಿಟ್ಟಿದ್ದ ಸೀರೆಯನ್ನು ಹೊರಗೆ ತೆಗೆದಳು.

ಭಾನುವಾರ ಪುಸ್ತಕದ ಕಟ್ಟುಗಳು ಪ್ರೆಸ್ಸಿನಿಂದ ನೇರ ಸಭಾಂಗಣಕ್ಕೇ ಬಂದವು. ಅಜ್ಜಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ವೇದಿಕೆಯ ಹಿಂದೆ ಹೋಗಿ ಒಂದು ಕಟ್ಟು ಬಿಚ್ಚಿದೆ. ಮುಖಪುಟದ ಮೇಲೆ ಒಂದು ಆಡು. ಗೂಟಕ್ಕೆ ಕಟ್ಟಿದ ಆಡು, ಪಕ್ಕದಲ್ಲಿ ಹಗ್ಗ ಹಿಡಿದ ಮುದುಕಿ. ಮೇಲೆ ದಪ್ಪಕ್ಷರದಲ್ಲಿ: ಅಜ್ಜಿ ಕಟ್ಟಿದ ಆಡು.

ಒಳಗೆ ತೆಗೆದೆ. "ಹುಣಸೆಹಣ್ಣು ಕುಟ್ಟುತ್ತಾ ಅಜ್ಜಿ ಹಾಡು ಕಟ್ಟುತ್ತಿದ್ದಳು. ಹೊತ್ತು ಹೋಗುತ್ತಿದ್ದುದೇ ಗೊತ್ತಾಗುತ್ತಿರಲಿಲ್ಲ" ಎಂದು ನಾನು ಬರೆದಿದ್ದೆ. ಅಲ್ಲಿ ಇದ್ದದ್ದು: "ಉಣ್ಸೆಣ್ಣು ಕುಟ್ತಾ ಅಜ್ಜಿ ಆಡು ಕಟ್ತಿದ್ಲು. ಒತ್ತು ಓಗ್ತಿದ್ದುದೇ ಗೊತ್ತಾಗ್ತಿರ್ಲಿಲ್ಲ." ಪುಟ ತಿರುಗಿಸಿದ ಹಾಗೆಲ್ಲ ಹೀಗೇ. ಪುಸ್ತಕದ ಉದ್ದಕ್ಕೂ ನನ್ನ ಹಕಾರಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದಿದ್ದರು. ಹುಣಸೆಯಿಂದ ಬೀಜ ತೆಗೆದ ಹಾಗೆ.

ಗೌರೀಶ್ ಹಾರಗಳ ಚೀಲ ಹಿಡಿದು ಬಂದರು. ಇದೇನು ಎಂದು ಕೇಳಿದೆ.

"ಫೈನಲ್ ಟಚ್ ಮೇಡಂ. ನಿಮ್ಮ ಜನದ ಭಾಷೆ ಅಲ್ವಾ, ಅಥೆಂಟಿಕ್ ಆಗಿರಲಿ ಅಂತ."

"ಅಜ್ಜಿ ಮಾತಾಡಿದ ಕಡೆಯೆಲ್ಲ ನಾನೇ ಹಾಗೆ ಬರೆದಿದ್ದೆನಲ್ಲ. ಇಲ್ಲಿ ಮಾತಾಡ್ತಿರೋಳು ನಾನು. ನಾನು ಹೀಗೆ ಬರೀತೀನಾ?"

"ನಿಮ್ಮನ್ನ ಓದೋರು ಶಿಷ್ಟ ಕನ್ನಡ ಹುಡುಕಿಕೊಂಡು ಬರಲ್ಲ ಮೇಡಂ. ಅದನ್ನ ಬರೆಯೋರು ಬೇಕಾದಷ್ಟು ಜನ ಇದ್ದಾರೆ."

ಇದನ್ನು ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನನಗೆ ಉಪಕಾರ ಮಾಡಿದ್ದೇನೆ ಎಂದೇ ನಂಬಿದ್ದರು. ಅದಕ್ಕೇ ನನ್ನ ಮೈ ಇನ್ನಷ್ಟು ಉರಿಯಿತು. ಹಕಾರ ಬರುವುದಿಲ್ಲ ಎಂದು ಒಬ್ಬರು ಹೊಡೆದರು. ಬಂದ ಮೇಲೆ, ನಿನಗೆ ಬರಬಾರದು ಎಂದು ಇನ್ನೊಬ್ಬರು ಕಿತ್ತುಕೊಂಡರು.

"ನಿಮ್ಮಜ್ಜಿ ಯಾವೂರಿನವರು ಗೌರೀಶ್?"

"ಕಳ್ಳಂಬೆಳ್ಳ. ಯಾಕೆ?"

"ಅವರು ಹಾಲಿಗೆ ಏನಂತಾರೆ?"

ಅವರು ಹಾರಗಳ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಆಲು ಅಂತಾರೆ. ನೀವು ಅವರ ಮೊಮ್ಮಗ. ಮತ್ತೆ ಪುಸ್ತಕದ ಮೊದಲಲ್ಲಿ ಪ್ರಕಾಶಕರ ಮಾತು ಅಂತ ಬರೆದಿದ್ದೀರಲ್ಲ, ಅದರಲ್ಲಿ ಒಂದು ಹಕಾರವೂ ಉದುರಿಲ್ಲ. ಅಥೆಂಟಿಕ್ ಆಗೋದು ನನಗೊಬ್ಬಳಿಗೇನಾ?"

"ಅಂಗಲ್ಲ ಮೇಡಂ," ಎಂದರು. ಗಾಬರಿಯಲ್ಲಿ ಅವರ ಹಕಾರವೂ ಬಿದ್ದುಹೋಗಿತ್ತು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅವರು ದನಿ ತಗ್ಗಿಸಿದರು. "ಜನ ಕೂತಿದ್ದಾರೆ, ನಿಮ್ಮಜ್ಜಿ ಬಂದಿದ್ದಾರೆ. ಈಗ ಬೇಡ ಅಂದ್ರೆ ನಾನು ಮತ್ತೆ ಅಚ್ಚು ಹಾಕೋಕೆ ಆಗಲ್ಲ. ಇನ್ಯಾರೂ ಹಾಕಲ್ಲ. ಇವತ್ತೊಂದು ದಿನ ನುಂಗಿಕೊಳ್ಳಿ. ಎರಡನೇ ಮುದ್ರಣದಲ್ಲಿ ಸರಿ ಮಾಡೋಣ."

ಪರದೆಯ ಸಂದಿಯಿಂದ ಅಜ್ಜಿ ಕಾಣುತ್ತಿದ್ದಳು. ಹೊಸ ಸೀರೆಯ ಗಂಜಿ ಇನ್ನೂ ಹೋಗಿರಲಿಲ್ಲ, ಸೆರಗು ಕುತ್ತಿಗೆಗೆ ಚುಚ್ಚುತ್ತಿತ್ತೇನೋ, ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತಿದ್ದಳು. ಎರಡನೇ ಮುದ್ರಣಕ್ಕೆ ಅವಳು ಇರುತ್ತಾಳೆ ಎಂದು ಯಾರು ಹೇಳಬೇಕು. ನುಂಗಿಕೊಂಡೆ. ಹೋಗಿ ವೇದಿಕೆಯ ಮೇಲೆ ಕೂತೆ. ಬಣ್ಣದ ಕಾಗದ ಹರಿದರು, ಎಲ್ಲರೂ ಆಡಿನ ಚಿತ್ರವನ್ನು ಎದೆಗೆ ಹಿಡಿದು ಫೋಟೋಗೆ ನಿಂತರು. ನಾನೂ ಹಿಡಿದೆ. ಬರಹಗಾರ್ತಿ ಎಂದು ಜನ ನನ್ನನ್ನು ಮೊದಲ ಸಲ ನೋಡಿದ್ದು ಹಾಗೆ.

ಮುಖ್ಯ ಅತಿಥಿ ಪ್ರಭುದೇವ್ ಅವರು ನಿವೃತ್ತ ಪ್ರೊಫೆಸರ್, ವಿಮರ್ಶಕರು. ದೊಡ್ಡ ಮನುಷ್ಯರು, ದನಿಯೂ ದೊಡ್ಡದು. "ಈ ಕೃತಿಯ ಆಡನ್ನು ನಾವು ಕೇವಲ ಪ್ರಾಣಿ ಎಂದು ನೋಡಬಾರದು," ಎಂದು ಶುರು ಮಾಡಿದರು. "ಅಜ್ಜಿ ದಿನವೂ ಆಡು ಕಟ್ಟುತ್ತಾಳೆ. ಆಡು ಎಲ್ಲಿಂದ ಬಂತು ಎಂದು ಲೇಖಕಿ ಹೇಳುವುದಿಲ್ಲ. ಅದೇ ಇಲ್ಲಿಯ ಕಲೆಗಾರಿಕೆ."

ಜನ ತಲೆದೂಗಿದರು. ಅಜ್ಜಿ ಪಕ್ಕದವರಿಗೆ, ಇಡೀ ಸಭೆಗೆ ಕೇಳುವ ಹಾಗೆ, "ಯಾರ್ ಮ್ಯಾಕೆ ವಿಸ್ಯ ಮಾತಾಡ್ತಾವ್ರೆ?" ಎಂದಳು. ನಮ್ಮ ಊರಲ್ಲಿ ಆ ಪ್ರಾಣಿಗೆ ಮೇಕೆ ಎಂದೇ ಹೆಸರು. ಆಡು ಎಂದರೆ ನಮಗೆ ಹಾಡೊಂದೇ. ಪಕ್ಕದವರು ಬಾಯಿ ಮೇಲೆ ಬೆರಳಿಟ್ಟು ಅವಳನ್ನು ಸುಮ್ಮನಿರಿಸಿದರು.

ಪ್ರಭುದೇವ್ ಮುಂದುವರಿಸಿದರು. "ಗೂಟಕ್ಕೆ ಬಿಗಿದ ಆ ಆಡು, ದನಿಯೇ ಇಲ್ಲದ ಒಂದು ಸಮುದಾಯದ ಮೂಕ ವೇದನೆ."

ಅಲ್ಲಿ ನನ್ನ ತಾಳ್ಮೆ ಕೆಟ್ಟಿತು. ಸಾಹುಕಾರರ ಹಿತ್ತಿಲಲ್ಲಿ ಕೂತು ಸಾಹುಕಾರರನ್ನೇ ಬೈದು ಹಾಡಿದ ಹೆಂಗಸು ಅವಳು. ಅವಳ ಹಾಡನ್ನು ಆಡು ಮಾಡಿದ್ದಲ್ಲದೆ, ಆ ಆಡನ್ನೂ ಮೂಕ ಮಾಡಿದರು. ಎದ್ದುಹೋಗಿ ಮೈಕಿನ ಪಕ್ಕ ನಿಂತೆ.

"ಸಾರ್, ಒಂದು ನಿಮಿಷ. ನಿಮ್ಮ ಕೈ ಕೊಡಿ." ಏನೋ ಪುಸ್ತಕ ಕೊಡುತ್ತೇನೆ ಎಂದುಕೊಂಡು ಕೈ ಚಾಚಿದರು. ಆ ಅಂಗೈಯನ್ನು ಅವರ ಬಾಯಿಯ ಮುಂದೆ ತಂದು ನಿಲ್ಲಿಸಿದೆ. "ಹಾಡು ಅನ್ನಿ."

"ಏನಮ್ಮ ಇದು?"

"ಹಾಡು ಅನ್ನಿ ಸಾರ್."

"ಹಾಡು," ಎಂದರು.

"ಗಾಳಿ ತಾಗಿತಾ? ಆ ಗಾಳಿಗೆ ನಾನು ಚಿಕ್ಕವಳಿದ್ದಾಗ ಬೆತ್ತದ ಏಟು ತಿಂದಿದ್ದೇನೆ. ಈ ಪುಸ್ತಕದಿಂದ ಅದನ್ನ ನನ್ನ ಕೇಳದೆ ತೆಗೆದಿದ್ದಾರೆ. ನಮ್ಮ ಮನೆಯಲ್ಲಿ ಆಡೂ ಇರಲಿಲ್ಲ, ಗೂಟವೂ ಇರಲಿಲ್ಲ. ಅಜ್ಜಿ ಕಟ್ಟಿದ್ದು ಹಾಡು. ಅವಳು ಮೂಕಿಯಲ್ಲ. ಅಲ್ಲೇ ಮುಂದೆ ಕೂತಿದ್ದಾಳೆ, ಬೇಕಾದರೆ ಕೇಳಿ."

ಸಭೆಯಲ್ಲಿ ಯಾರೋ ನಕ್ಕರು, ಯಾರೋ ಛೆ ಎಂದರು. ಪ್ರಭುದೇವ್ ತಮ್ಮ ಅಂಗೈಯನ್ನೇ ನೋಡುತ್ತಾ ಹೋಗಿ ಕೂತರು. ಗೌರೀಶ್ ನನ್ನ ಮೊಣಕೈ ಹಿಡಿದು, "ನಿಮ್ಮ ಪುಸ್ತಕ ನೀವೇ ಕೊಂದುಬಿಟ್ರಿ" ಎಂದರು.

"ಕೊಲ್ಲಲ್ಲ, ತಿದ್ದುತ್ತೀನಿ. ನಾನು ತಿದ್ದದೆ ಇರೋ ಒಂದು ಪ್ರತಿಯೂ ಈ ಬಾಗಿಲು ದಾಟಿ ಹೋಗಲ್ಲ."

ನಾನು ಟೀಚರ್. ನನ್ನ ಬ್ಯಾಗಿನಲ್ಲಿ ಕೆಂಪು ಪೆನ್ನು ಇದ್ದೇ ಇರುತ್ತದೆ. ಕಟ್ಟುಗಳನ್ನು ವೇದಿಕೆಯ ಮೆಟ್ಟಿಲ ಹತ್ತಿರ ಎಳೆದು, ಅಜ್ಜಿಯ ಕಾಲಬುಡದಲ್ಲಿ ನೆಲದ ಮೇಲೆ ಕೂತೆ. ಮೊದಲ ಪ್ರತಿಯ ಮುಖಪುಟದಲ್ಲಿ 'ಆ' ಅಕ್ಷರದ ಮೇಲೆ ಗೀಟು ಎಳೆದು 'ಹಾ' ಬರೆದೆ. ಮೇಕೆಯ ಮೇಲೂ ಒಂದು ಗೀಟು ಎಳೆದೆ. ಪುಸ್ತಕ ಬೇಕು ಎಂದವರು ಸಾಲು ನಿಂತರು. ಹೆಚ್ಚು ಜನ ಎದ್ದು ಹೋದರು, ಸುಳ್ಳು ಹೇಳುವುದಿಲ್ಲ.

ಅಜ್ಜಿ ಬಗ್ಗಿ ಚಿತ್ರ ನೋಡಿದಳು. "ಇದ್ಯಾಕಮ್ಮ ಇಲ್ಲಿ ಮ್ಯಾಕೆ ಐತೆ?"

ಹೇಳಿದೆ. ನಾನು ಹಾಡು ಎಂದು ಬರೆದಿದ್ದೆ, ಇವರು ಆಡು ಮಾಡಿದರು, ಅದಕ್ಕೆ ಚಿತ್ರ ಬರೆಸಿದರು ಎಂದು. ಅವಳು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಮೆಲ್ಲಗೆ "ಆಡು" ಎಂದಳು. ಇನ್ನೊಮ್ಮೆ ಪ್ರಯತ್ನಿಸಿದಳು. ಗಾಳಿ ಬರಲಿಲ್ಲ. ಕೈ ಕೆಳಗಿಳಿಸಿ, ಪ್ರಕಾಶಕರೂ ಪ್ರೊಫೆಸರೂ ಕೂತ ಕಡೆ ಒಮ್ಮೆ ನೋಡಿದಳು.

"ನಾನ್ ಅಂದ್ರೂ ಅದು ಆಡೇ, ನೀನ್ ಬರುದ್ರೂ ಆಡೇ ಕಣಮ್ಮ," ಎಂದಳು. "ಇವ್ರು ಬರುದ್ರೆ ಮಾತ್ರ ಮ್ಯಾಕೆ ಆಯ್ತದೆ. ತಿದ್ದು, ಬುಡಬ್ಯಾಡ."

ಇನ್ನೊಂದು ಪ್ರತಿಯನ್ನು ಕಟ್ಟಿನಿಂದ ತೆಗೆದು ಅವಳೇ ನನ್ನ ತೊಡೆಯ ಮೇಲಿಟ್ಟಳು.