ಎಡದಿಂದ ಬಲಕ್ಕೆ ಅವನು, ಮೇಲಿನಿಂದ ಕೆಳಕ್ಕೆ ಅವಳು

ಅಮೋಘ ಹೆಂಡತಿಗೆ ಒಂದು ಮಾತು ಹೇಳಬೇಕಿತ್ತು. ವಿಜಯವಾಡ ಸಾಕು, ಬಂದುಬಿಡು. ಇಷ್ಟೇ. ಇಷ್ಟನ್ನು ಹೇಳಲು ಅವನು ಮೀನಮೇಷ ಎಣಿಸುತ್ತಾ ಎಷ್ಟೋ ಭಾನುವಾರಗಳನ್ನು ಕಳೆದಿದ್ದ. ಆಫೀಸಿನ ಮೀಟಿಂಗಿನಲ್ಲಿ ಗಂಟೆಗಟ್ಟಲೆ ಕೊರೆಯುವ ಮಹಾಶಯ, ಹೆಂಡತಿಯ ಫೋನು ಬಂದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ.

ತುಮಕೂರಿನವರಾದ ಅವರಿಬ್ಬರೂ ಆಂಧ್ರಕ್ಕೆ ಬಂದದ್ದು ಅವನ ಕೆಲಸದ ದೆಸೆಯಿಂದ. ಅವನ ಕಂಪನಿ ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಗುಡ್ಡದ ಮೇಲೆ. ಫಿಸಿಯೋಥೆರಪಿ ಓದಿದ ಹೆಂಡತಿ ಬಿಂದುಶ್ರೀಗೆ ಕೆಲಸ ಸಿಕ್ಕಿದ್ದು ಮಾತ್ರ ವಿಜಯವಾಡದ ಆಸ್ಪತ್ರೆಯೊಂದರಲ್ಲಿ, ಒಂದು ವರ್ಷದ ಕರಾರಿನ ಮೇಲೆ. ‘ಒಂದೇ ವರ್ಷ ತಾನೆ, ಹೋಗಿ ಬಾ’ ಎಂದು ಅವನೇ ಅಲ್ಲಿನ ಪಟಮಟ ಬಡಾವಣೆಯಲ್ಲಿ ಮಹಡಿ ಮೇಲಿನ ರೂಮು ಹುಡುಕಿ ಬಿಟ್ಟು ಬಂದಿದ್ದ. ಈಗ ಕರಾರು ಮುಗಿಯುತ್ತಾ ಬಂದಿತ್ತು. ಅವಳು ಮುಂದುವರಿಸುತ್ತಾಳೋ, ಬರುತ್ತಾಳೋ? ಅವಳಾಗಿ ಹೇಳಲಿಲ್ಲ, ಇವನಾಗಿ ಕೇಳಲಿಲ್ಲ.

ಮಾತಾಡಲು ಅವರಿಗೊಂದು ನೆಪವಿತ್ತು. ಭಾನುವಾರದ ಕನ್ನಡ ಪತ್ರಿಕೆಯ ಪದಬಂಧ. ಇಬ್ಬರೂ ಅದನ್ನು ಮೊಬೈಲಿನಲ್ಲಿ ನೋಡಿ, ಹಾಳೆಯ ಮೇಲೆ ಚೌಕ ಎಳೆದುಕೊಳ್ಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಒಂದೇ ಪೇಪರಿಗೆ ಜಗಳವಾಡಿ ಮಾಡಿಕೊಂಡ ಒಪ್ಪಂದ ಇನ್ನೂ ಜಾರಿಯಲ್ಲಿತ್ತು: ಎಡದಿಂದ ಬಲಕ್ಕೆ ಅವನದು, ಮೇಲಿನಿಂದ ಕೆಳಕ್ಕೆ ಅವಳದು. ಒಬ್ಬರ ಪಾಲನ್ನು ಇನ್ನೊಬ್ಬರು ಕದ್ದು ನೋಡುವಂತಿಲ್ಲ. ತಿಂಡಿಯಾದ ಮೇಲೆ ಅವಳ ಫೋನು. ಅವನ ಅಕ್ಷರ ಪದಬಂಧದಲ್ಲಿ ಅವಳ ಮನೆಗೆ ಬೇಕು, ಅವಳದು ಅವನ ಮನೆಗೆ. ಹೀಗೆ ತಡಕಾಡುತ್ತಾ ಮಧ್ಯಾಹ್ನವಾಗುತ್ತಿತ್ತು. ಕೊನೆಯ ಮನೆ ತುಂಬಿದ ಮೇಲೆ ಆ ಮಾತು ಹೇಳೋಣವೆಂದು ಅವನು ಅಂದುಕೊಳ್ಳುತ್ತಿದ್ದ. ಕೊನೆಯ ಮನೆ ತುಂಬಿದ ಕೂಡಲೇ ‘ಸರಿ, ಇಡ್ಲಾ?’ ಅನ್ನುತ್ತಿದ್ದ. ಫೋನಿಟ್ಟ ಮೇಲೆ ಮನೆ ಭಣಗುಡುತ್ತಿತ್ತು. ಉಳಿದ ದಿನವನ್ನು ಏನು ಮಾಡಬೇಕೆಂದು ಅವನಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ.

ಆ ಭಾನುವಾರದ ಪದಬಂಧದ ನೆತ್ತಿಯ ಮೇಲೆ ಒಂದು ಸೂಚನೆಯಿತ್ತು. ಇಂದಿನ ಪದಗಳೆಲ್ಲ ಜೋಡಿ. ಎಡದಿಂದ ಬಲಕ್ಕೆ ಬಂದ ಪದದ ದನಿಯನ್ನೇ ಹೋಲುವ ಇನ್ನೊಂದು, ಮೇಲಿನಿಂದ ಕೆಳಕ್ಕೆ ಎಲ್ಲೋ ಅಡಗಿದೆ. ಅಮೋಘ ಪೆನ್ಸಿಲ್ ಹಿಡಿದು ಕೂತ. ‘ಕೈಗೆ ಹಾಕಿದರೆ ಸದ್ದು.’ ಬಳೆ ಎಂದು ಬರೆದ. ಬರೆದದ್ದೇ ತಡ, ಅವಳ ಪಾಲಿನಲ್ಲಿದ್ದ ‘ಕಡಲಿಗೆ ಹಾಕಿದರೆ ಸದ್ದಿಲ್ಲ’ ಎಂಬುದು ಬಲೆಯೇ ಎಂದು ಹೊಳೆದುಬಿಟ್ಟಿತು. ‘ಅನ್ನದ ಮೇಲೆ ಬಿದ್ದರೆ ಊಟ’ ಹುಳಿಯಾದರೆ, ‘ನಮ್ಮ ಮೇಲೆ ಬಿದ್ದರೆ ನಾವೇ ಊಟ’ ಹುಲಿಯಾಗದೆ ಇನ್ನೇನು? ‘ಹರಿದವರನ್ನು ಚುಚ್ಚಿಯೇ ಕೂಡಿಸುವುದು’ ಹೊಲಿಗೆ. ‘ಸಿಹಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆಂದವಳು’ ಹೋಳಿಗೆ. ಬೇಡ ಬೇಡವೆಂದರೂ ಕೈ ನಿಲ್ಲಲಿಲ್ಲ. ಕಾಫಿ ಆರುವ ಮೊದಲೇ ಚೌಕವೆಲ್ಲ ಭರ್ತಿಯಾಗಿತ್ತು.

ಇನ್ನು ಅವಳ ಹತ್ತಿರ ಕೇಳುವುದೇನು? ಗಡಿಬಿಡಿಯಲ್ಲಿ ರಬ್ಬರ್ ಹುಡುಕಿ, ಅವಳ ಪಾಲನ್ನೆಲ್ಲ ಉಜ್ಜಿ ಉಜ್ಜಿ ಅಳಿಸಿದ. ಮೂವತ್ತು ದಾಟಿದ ಗಂಡಸು, ಪರೀಕ್ಷೆಯಲ್ಲಿ ನಕಲು ಮಾಡಿದ ಹುಡುಗನ ಹಾಗೆ ಮೇಜಿನ ಮೇಲಿನ ಪುಡಿಯನ್ನೂ ಊದಿ ಕೂತ. ಅಷ್ಟರಲ್ಲಿ ಫೋನು ಬಂತು.

“ತಿಂಡಿ ಆಯ್ತಾ ರೀ?”

“ಆಯ್ತು. ಬಿಂದು, ಇವತ್ತಿಂದು ಸ್ವಲ್ಪ ಕಷ್ಟ ಇದೆ ಕಣೆ. ಮೇಲಿಂದ ಮೊದಲ್ನೇದು ನೀನು ಹೇಳು, ನೋಡೋಣ.”

ಆ ಕಡೆ ಬೀದಿಯಲ್ಲಿ ಹೋಗುವ ಸಿಟಿ ಬಸ್ಸಿನ ಹಾರ್ನು ಕೇಳಿಸಿತು.

“ಬಲೆ” ಎಂದಳು ಅವಳು. “ನಿಮ್ದೂ ಹೇಳ್ಲಾ? ಬಳೆ, ಹುಳಿ, ಹೊಲಿಗೆ. ನಂದು ಬೆಳಿಗ್ಗೇನೇ ಮುಗೀತು. ಪೂರ್ತಿ.”

“ನಂದೂ” ಎಂದ ಅವನು.

ಇಷ್ಟು ದಿನ ಇಬ್ಬರ ನಡುವೆ ಖಾಲಿ ಚೌಕಗಳಾದರೂ ಇದ್ದವು. ಈಗ ಅವೂ ಇರಲಿಲ್ಲ. ಹವೆಯ ಬಗ್ಗೆ ಕೇಳೋಣವೆಂದರೆ ಎರಡೂ ಊರಿನಲ್ಲಿ ಒಂದೇ ಸೆಕೆ. ತನಗೆ ಇವಳನ್ನು ಬಿಟ್ಟರೆ ಯಾರೂ ಇಲ್ಲ ಎಂಬುದು ಅವನಿಗೆ ಆಗ ಸ್ಪಷ್ಟವಾಯಿತು. ಹೇಳಿಬಿಡಬೇಕು, ಈಗಲೇ ಎಂದು ಬಾಯಿ ತೆರೆದ.

“ಬಿಂದು, ಆಸ್ಪತ್ರೆ ಕರಾರು…”

“ಸೈನ್ ಮಾಡ್ದೆ ರೀ. ಮಂಗಳವಾರ. ಇನ್ನೆರಡು ವರ್ಷಕ್ಕೆ.”

“ನಂಗೊಂದು ಮಾತು ಹೇಳ್ಬಾರ್ದಿತ್ತಾ?”

“ನೀವು ಕೇಳ್ತೀರ ಅಂತ ಕಾದೆ. ಪ್ರತಿ ವಾರ ಕೊನೇ ಪದ ಬರ್ಕೊಂಡು ಸುಮ್ನೆ ಲೈನಲ್ಲಿರ್ತಿದ್ದೆ. ನೀವು ಇಡ್ಲಾ ಅಂತಿದ್ರಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. “ಅಲ್ಲಿ ನಾನಿಲ್ದೆ ನಿಮಗೆ ಆರಾಮೇ ಇದೆ ಅಂದ್ಕೊಂಡೆ.”

“ಕೇಳಿದ್ರೆ ಬರ್ತಿದ್ಯಾ?”

“ಬರ್ತಿದ್ದೆ” ಎಂದಳು. “ಬಟ್ಟೆ ಎಲ್ಲ ಮಡಚಿ ಮಂಚದ ಮೇಲೆ ಇಟ್ಕೊಂಡಿದ್ದೆ ರೀ. ಮಂಗಳವಾರ ಸಂಜೆ ಡ್ಯೂಟಿಯಿಂದ ಬಂದು ವಾಪಸ್ ಬೀರುಗೆ ಜೋಡಿಸ್ದೆ.”