ನಿರ್ಮಲಾ ಎಲ್ಲಿಗೆ ಹೋಗುತ್ತಾಳೆ

ವಿಜಯಪುರದ ಇಟ್ಟಂಗಿಹಾಳ ರಸ್ತೆಯ ಆ ಓಣಿಯಲ್ಲಿ ನಿರ್ಮಲಾಳ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ. ಬೆಳಗಾದರೆ ಸಾಕು, ಹಿತ್ತಲಿನ ತಗಡಿನ ಶೆಡ್ಡಿನಿಂದ ರೊಟ್ಟಿ ಬಡಿಯುವ ಸಪ್ಪಳ ರಸ್ತೆಯವರೆಗೆ ಕೇಳುತ್ತಿತ್ತು. ಶಂಕ್ರೆವ್ವ, ಪೀರಾಂಬಿ ಮತ್ತು ಓಣಿಯ ಇನ್ನಷ್ಟು ಹೆಂಗಸರನ್ನು ಕೂಡಿಸಿಕೊಂಡು ಅವಳು ಕಡಕ್ ರೊಟ್ಟಿಯ ವ್ಯಾಪಾರ ಕಟ್ಟಿದ್ದಳು. ಮನೆಯ ಮುಂದೆ ಗಂಡ ಸಿದ್ದರಾಮನ ಪೈಪು, ಪಂಪ್‌ಸೆಟ್ಟಿನ ಅಂಗಡಿ; ಹಿಂದೆ ಅವಳ ರೊಟ್ಟಿ. ಇವೆರಡರ ನಡುವಿನ ಮನೆಯಲ್ಲಿ ಮಾತ್ರ ಎರಡು ವರ್ಷದಿಂದ ಮಾತು ಕಡಿಮೆಯಾಗಿತ್ತು.

ಕಾರಣ ಮಗಳು ಶಾಂಭವಿ. ಅಪ್ಪನ ಅಂಗಡಿಯಲ್ಲಿ ಬಿಲ್ಲು ಬರೆಯಲು ಕೂತಿರುತ್ತಿದ್ದ ಹುಡುಗಿ, ಅಲ್ಲಿ ಸಾಮಾನು ಒಯ್ಯಲು ಬರುತ್ತಿದ್ದ ಯಲ್ಲಾಲಿಂಗನನ್ನು ಮೆಚ್ಚಿ ಮದುವೆಯಾದಳು. ಅವನು ಬಬಲೇಶ್ವರದಲ್ಲಿ ಮೋಟಾರು ರಿಪೇರಿ ಮಾಡುವವನು. ಮನೆತನದವರು ಕುರಿ ಸಾಕಿದವರು, ಬೇರೆ ಜಾತಿಯವರು. ಸಿದ್ದರಾಮ ಗೋಡೆಯ ಮೇಲಿದ್ದ ಮಗಳ ಫೋಟೊ ಇಳಿಸಿ ಟ್ರಂಕಿಗೆ ಹಾಕಿದ. "ಇವತ್ತಿನಿಂದ ಆಕಿ ಹೆಸರ ಈ ಮನ್ಯಾಗ ಯಾರೂ ಎತ್ತಬ್ಯಾಡ್ರಿ" ಎಂದ.

ನಿರ್ಮಲಾ ಹೆಸರು ಎತ್ತಲಿಲ್ಲ. ಆದರೆ ಬಾಯಿ ಕಟ್ಟಿದವರು ಕಾಲು ಕಟ್ಟಿರಲಿಲ್ಲ. ಗುರುವಾರ ಬಂತೆಂದರೆ "ಘೋಣಸಗಿಗೆ ಜ್ವಾಳಕ್ಕ ಹೋಗಿ ಬರ್ತೇನ್ರಿ" ಎಂದು ತವರೂರಿನ ಹೆಸರು ಹೇಳಿ ಹೊರಟು, ತಿಕೋಟಾದಲ್ಲಿ ಇಳಿದು, ಅಲ್ಲಿಂದ ಬಬಲೇಶ್ವರದ ಗಾಡಿ ಹಿಡಿಯುತ್ತಿದ್ದಳು. ಜೋಳವನ್ನು ತಿಕೋಟಾದ ರಾಚವ್ವ ತನ್ನ ಮಗನ ಟಂಟಂ ಆಟೊದಲ್ಲಿ ಸಂಜೆ ಕಳಿಸಿಕೊಡುತ್ತಿದ್ದಳು. ಫೋನಿನಲ್ಲಿ ಮಗಳ ನಂಬರನ್ನೂ ನಿರ್ಮಲಾ "ಜೋಳದ ರಾಚವ್ವ" ಎಂದೇ ಇಟ್ಟುಕೊಂಡಿದ್ದಳು. ಈಗ ಶಾಂಭವಿಗೆ ಒಂದು ಹೆಣ್ಣು ಕೂಸಿತ್ತು; ಸಿದ್ದರಾಮನಿಗೆ ಅದು ಗೊತ್ತಿರಲಿಲ್ಲ. ಅದು ಅಂಬೆಗಾಲಿಡುವಷ್ಟಾದ ಮೇಲೆ ಒಂದು ದಿನ ಎತ್ತಿಕೊಂಡು ಬಂದು, ಏನೂ ಹೇಳದೆ ಗಂಡನ ತೊಡೆಯ ಮೇಲೆ ಕೂಡಿಸಬೇಕೆಂದು ಅವಳು ಮನಸ್ಸಿನಲ್ಲಿ ಎಷ್ಟೋ ಸಲ ಆ ಗಳಿಗೆಯನ್ನು ಆಡಿಸಿ ನೋಡಿದ್ದಳು. ಆಗ ಅವನು ಕೂಸನ್ನು ಕೆಳಗಿಳಿಸಲಾರ ಎಂಬುದು ಅವಳ ನಂಬಿಕೆ.

ಒಂದು ಗುರುವಾರ ನಿರ್ಮಲಾ ಕೂಸಿಗೆ ಎಣ್ಣೆ ಹಚ್ಚುತ್ತ ಕೂತಾಗ ಶಾಂಭವಿ ನಕ್ಕಳು.

"ಯವ್ವಾ, ನಿನ್ನೆ ನನಗ ನಿಮ್ಮ ರೊಟ್ಟಿ ಗುಂಪಿನ ಬ್ಯಾಂಕಿನಿಂದ ಫೋನ್ ಬಂದಿತ್ತು. 'ರಾಚವ್ವಾರ ಏನ್ರಿ? ನಮ್ಮಲ್ಲೆ ಖಾತೆ ತೆಗೀರಿ' ಅಂದ್ರು. ನಾ ಯಾವಾಗ ರಾಚವ್ವ ಆದೆ?"

ನಿರ್ಮಲಾಳೂ ನಕ್ಕಳು. ನಗುತ್ತಿದ್ದವಳ ಕೈ ಕೂಸಿನ ಬೆನ್ನ ಮೇಲೆ ಹಾಗೇ ನಿಂತಿತು. ರಾಚವ್ವ ಎಂಬ ಹೆಸರಿನಲ್ಲಿ ಆ ನಂಬರು ಇದ್ದದ್ದು ಇಡೀ ಭೂಮಿಯ ಮೇಲೆ ತನ್ನ ಫೋನಿನಲ್ಲಿ ಮಾತ್ರ. ಬ್ಯಾಂಕಿನವರಿಗೆ ಅದು ಹೇಗೆ ಸಿಕ್ಕಿತು?

"ಆ್ಯಪ್ ಹಾಕ್ಕೊಂಡೀರಲ್ಲಾ ಅತ್ತೀ, ಅದು ಫೋನಿನಾಗಿನ ನಂಬರೆಲ್ಲಾ ಬಳ್ಕೊಂಡು ಹೋಗಿರತೈತಿ" ಎಂದ ಯಲ್ಲಾಲಿಂಗ, ಗ್ರೀಸಿನ ಕೈ ಒರೆಸಿಕೊಳ್ಳುತ್ತ.

ರೊಟ್ಟಿಯ ಗುಂಪಿನ ಖಾತೆ ಊರಿನ ಒಂದು ಸಹಕಾರಿ ಬ್ಯಾಂಕಿನಲ್ಲಿತ್ತು. ಆ ಬ್ಯಾಂಕು ಹೊಸದಾಗಿ ಫೋನಿನ ಆ್ಯಪ್ ತಂದಾಗ ಅದನ್ನು ಅವಳಿಗೆ ಹಾಕಿಕೊಟ್ಟವನು ಅಲ್ಲಿ ಕೆಲಸ ಮಾಡುವ ಶಿವಶರಣಪ್ಪ. ಅವನು ಸಿದ್ದರಾಮನ ಚಿಕ್ಕಪ್ಪನ ಮಗ. "ವೈನೀ, ಫೋನ್ ಕೊಡ್ರಿ ಇಲ್ಲಿ" ಎಂದು ಅತ್ತಿಗೆಯ ಕೈಯಿಂದ ಕಸಿದುಕೊಂಡು, ಪರದೆಯ ಮೇಲೆ ಕೇಳಿದ್ದಕ್ಕೆಲ್ಲ ಟಕಟಕ ಒತ್ತಿ ಮರಳಿ ಕೊಟ್ಟಿದ್ದ. ಏನು ಕೇಳಿತು, ಯಾವುದಕ್ಕೆ ಒತ್ತಿದ ಎಂದು ಅವಳೂ ವಿಚಾರಿಸಿರಲಿಲ್ಲ.

ಮುಂದಿನ ಭಾನುವಾರ ಶಿವಶರಣಪ್ಪನೇ ಮನೆಗೆ ಬಂದ. ಅಣ್ಣ ತಮ್ಮ ಕೂತು ಚಹಾ ಕುಡಿಯುತ್ತಿದ್ದರು. ನಿರ್ಮಲಾ ಚೂಡಾ ಅವಲಕ್ಕಿಯ ತಾಟು ಇಡಲು ಬಂದಾಗ ಅವನು ಕಣ್ಣು ಮಿಟುಕಿಸಿದ.

"ಏನ್ ವೈನಿ, ಬಬಲೇಶ್ವರದಾಗ ಹೊಸಾ ಬ್ರ್ಯಾಂಚ್ ತೆಗೀಬೇಕಂತ ನಮ್ಮ ಗಿರಾಕಿಗಳು ಎಲ್ಲೆಲ್ಲಿ ಓಡಾಡ್ತಾರ ನಕಾಶಿ ಮ್ಯಾಲೆ ನೋಡಾಕತ್ತಿದ್ವಿ. ನೋಡಿದ್ರ, ನಿಮ್ಮ ಚುಕ್ಕಿ ಬೇಸ್ತವಾರಕ್ಕೊಮ್ಮೆ ಅಲ್ಲೇ ಒಂದು ಓಣ್ಯಾಗ ಹೊತ್ತು ಮುಣುಗೂತನಾ ಕುಂತಿರತೈತಿ! ರೊಟ್ಟಿ ಅಂಗಡಿ ಅಲ್ಲೂ ಇಟ್ಟೀರೇನು?"

ಅವನು ತಮಾಷೆಗೆ ಅಂದದ್ದು. ಸಿದ್ದರಾಮನ ಕೈಯ ಚಹಾದ ಬಸಿ ತಟ್ಟನೆ ಕೆಳಗಿಳಿಯಿತು. ಬಬಲೇಶ್ವರದಲ್ಲಿ ಯಾರಿದ್ದಾರೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಶಿವಶರಣಪ್ಪ ಹೋದ ಮೇಲೆ ಸಿದ್ದರಾಮ ಕೂಗಾಡಲಿಲ್ಲ. "ಘೋಣಸಗಿ ಅಂತ ಹೇಳಿ ಅಲ್ಲೆ ಹೋಗ್ತಿದ್ದಿ. ಊರ ಮಂದಿಗೆ ಗೊತ್ತು, ಬ್ಯಾಂಕಿನವ್ರಿಗೆ ಗೊತ್ತು, ನಾ ಒಬ್ಬನ ಹುಚ್ಚ" ಎಂದ. "ಇನ್ನ ಹೋಗೂದಿಲ್ಲ. ತಿಳೀತ?"

ನಿರ್ಮಲಾ ತಾಟು, ಬಸಿ ಎತ್ತಿಕೊಂಡಳು. ಸುಳ್ಳು ಹೇಳಿದ್ದು ನಿಜ. ಅದಕ್ಕೆ ಅವಳ ತಲೆ ತಗ್ಗಿತ್ತು. ಆದರೆ ಅಡುಗೆಮನೆಗೆ ಹೋಗಿ ಕೂತಾಗ ಅವಳಿಗೆ ಅಳು ಬಂದದ್ದು ಸಿಕ್ಕಿಬಿದ್ದದ್ದಕ್ಕಲ್ಲ. ಎಷ್ಟೋ ದಿನದಿಂದ ಕಾಪಾಡಿಕೊಂಡು ಬಂದ ಮಾತನ್ನು ಯಾವನೋ ಒಬ್ಬ ಚಹಾ ಕುಡಿಯುತ್ತ ಚೂಡಾದ ಜೊತೆ ಜಗಿದು ಉಗುಳಿದ್ದ. ಕೂಸನ್ನು ಎತ್ತಿಕೊಂಡು ಬರುವ ಆ ದಿನ ಇನ್ನು ಬರುವಂತಿರಲಿಲ್ಲ.

ಆ ವಾರ ಅವಳು ಮನೆಬಿಟ್ಟು ಕದಲಲಿಲ್ಲ. ಮಗಳಿಗೆ ಫೋನು ಮಾಡಲೂ ಅಂಜಿಕೆ. ಬಚ್ಚಲಿಗೆ ಹೋಗುವಾಗ ಫೋನನ್ನು ಬೋರಲು ಹಾಕಿ ಹೋಗುತ್ತಿದ್ದಳು.

ಅದರ ಮುಂದಿನ ವಾರ ರಾಚವ್ವನ ಬಳಿ ಜೋಳ ಮುಗಿದಿತ್ತು. ಕಳ್ಳಕವಟಗಿಯ ಒಬ್ಬ ರೈತನ ಮನೆಯಲ್ಲಿ ಒಳ್ಳೆಯ ಬಿಳಿಜೋಳವಿದೆ ಎಂದು ಸುದ್ದಿ ಬಂದು, ನಿರ್ಮಲಾ ಶಂಕ್ರೆವ್ವನನ್ನು ಕರೆದುಕೊಂಡು ನಿಜವಾಗಿಯೂ ಜೋಳಕ್ಕೇ ಹೋದಳು. ರೈತನ ಹೆಂಡತಿ ಮುದುಕವ್ವ ಬಿಸಿಲಲ್ಲಿ ಬಂದವರನ್ನು ಹಾಗೇ ಕಳಿಸುವ ಹೆಂಗಸಲ್ಲ. ಮಜ್ಜಿಗೆ ಕೊಟ್ಟಳು, ಊಟಕ್ಕೆ ಕೂಡಿಸಿದಳು, ದ್ರಾಕ್ಷಿ ಒಣಹಾಕಿದ್ದ ಶೆಡ್ಡು ತೋರಿಸಲು ಕರೆದೊಯ್ದಳು. ಅಲ್ಲಿ ನಿಂತು ನಾಲ್ಕು ಒಣದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ನಿರ್ಮಲಾಳ ಫೋನು ಬಡಿದುಕೊಂಡಿತು. ಸಿದ್ದರಾಮ.

"ಕಳ್ಳಕವಟಗ್ಯಾಗ ಇಷ್ಟೊತ್ತನಾ ಏನ್ ಮಾಡಾಕತ್ತಿ? ಜ್ವಾಳ ತೂಗಾಕ ಅರ್ಧಾ ದಿನಾ ಬೇಕೇನ?"

ನಿರ್ಮಲಾಳ ಬಾಯಿಯ ದ್ರಾಕ್ಷಿ ಹಾಗೇ ಉಳಿಯಿತು. ಕಳ್ಳಕವಟಗಿ ಎಂದು ಅವಳು ಅವನಿಗೆ ಹೇಳಿಯೇ ಇರಲಿಲ್ಲ. ಜೋಳಕ್ಕೆ ಹೋಗುತ್ತೇನೆ ಎಂದಷ್ಟೇ ಅಂದಿದ್ದಳು.

"ನಿಮಗ ಯಾರ ಹೇಳಿದ್ರು, ನಾ ಇಲ್ಲಿರೂದು?"

"ಯಾರರೆ ಹೇಳ್ಯಾರ. ಶಿವಶರಣ ದಿನಾ ನೋಡಿ ಹೇಳತಾನ. ಇನ್ನ ಸುಳ್ಳ ಹೇಳಾಕ ಬರೂದಿಲ್ಲ ನಿನಗ."

ಅವಳು ಫೋನು ಇಟ್ಟಳು. ಎದೆಯಲ್ಲಿ ವಾರದಿಂದ ಕೂತಿದ್ದ ಅಂಜಿಕೆ ಎದ್ದುಹೋದದ್ದು ಅವಳಿಗೇ ತಿಳಿಯಿತು. ಮಗಳ ವಿಷಯದಲ್ಲಿ ಸುಳ್ಳಾಡಿದವಳು ತಾನು, ಸರಿ. ಇವತ್ತೇನು ಮಾಡಿದ್ದೆ? ಮುದುಕವ್ವನ ಮನೆಯ ಮಜ್ಜಿಗೆ ಕುಡಿದದ್ದಕ್ಕೂ ಲೆಕ್ಕ ಕೊಡಬೇಕೇ?

"ಶಂಕ್ರೆವ್ವಾ, ಜ್ವಾಳದ ಚೀಲಾ ಟಂಟಂನ್ಯಾಗ ಹಾಕಸು. ಮನಿಗೆ ಆಮ್ಯಾಲೆ ಹೋಗೂಣು. ಮದಲ ಬ್ಯಾಂಕಿಗೆ."

ಬ್ಯಾಂಕಿನಲ್ಲಿ ಗದ್ದಲವಿತ್ತು. ತಲೆಯ ಮೇಲೆ ಸೆರಗು, ಸೆರಗಿನ ತುಂಬ ಜೋಳದ ಧೂಳು. ನಿರ್ಮಲಾ ನೇರ ಮ್ಯಾನೇಜರ್ ಸತೀಶಕುಮಾರನ ಮೇಜಿನ ಮುಂದೆ ಹೋಗಿ ನಿಂತಳು. ಅವನು ಅವಳ ಮುಖ ನೋಡಿ, "ಬರ್ರಿ ಅಕ್ಕಾರ, ಒಳಗ ಕೂತು ಮಾತಾಡೂಣು" ಎಂದು ಗಾಜಿನ ಕೋಣೆಯತ್ತ ಕೈ ತೋರಿಸಿದ.

"ಒಳಗ್ಯಾಕ್ರಿ ಸಾಹೇಬ್ರ? ನನ್ನ ಸುದ್ದಿ ಹೊರಗ ತಿರಗ್ಯಾಡಾಕತ್ತೈತಿ. ಮಾತೂ ಹೊರಗ ಆಗ್ಲಿ. ನಾ ಎಲ್ಲಿ ಹೋಗ್ತೇನಿ, ಎಷ್ಟೊತ್ತು ನಿಂದರ್ತೇನಿ, ಇದನ್ನ ನೋಡಿ ನನ್ನ ಗಂಡಗ ಹೇಳೂ ಕೆಲಸಾ ನಿಮ್ಮ ಬ್ಯಾಂಕಿಗೆ ಯಾರ ಕೊಟ್ಟಾರ?"

ಸತೀಶಕುಮಾರನಿಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಹಾಗೆ ಮಾಡಿದನೋ. "ಅಕ್ಕಾರ, ಆ್ಯಪ್ ಹಾಕ್ಕೊಳ್ಳುವಾಗ ಒಪ್ಪಿಗಿ ನೀವ ಕೊಟ್ಟಿರ್ತೀರಿ. ಲೊಕೇಶನ್ನು, ನಂಬರು, ಮೆಸೇಜು. ಎಲ್ಲಾ ನಿಮ್ಮ ಸುರಕ್ಷತಾ ಸಲುವಾಗಿ. ಯಾರರೆ ಮೋಸ ಮಾಡಿದ್ರ ಗೊತ್ತಾಗ್ಲಿ ಅಂತ."

"ಒಪ್ಪಿಗಿ ಒತ್ತಿದವಾ ಅಲ್ಲಿ ಕುಂತಾನ್ನೋಡ್ರಿ" ಎಂದು ನಿರ್ಮಲಾ ಕೌಂಟರಿನ ಹಿಂದೆ ಕುಗ್ಗಿ ಕೂತಿದ್ದ ಶಿವಶರಣಪ್ಪನತ್ತ ಬೆರಳು ಚಾಚಿದಳು. "ನನಗ ಓದಿ ಹೇಳಿದ್ದಿಲ್ಲ, ಕೇಳಿದ್ದಿಲ್ಲ. ಆತು, ನಾನ ಒತ್ತೇನಿ ಅಂತ ಇಟ್ಕೊಳ್ರಿ. ಕಳ್ಳರನ್ನ ಹಿಡ್ಯಾಕ ಕೊಟ್ಟಿದ್ದು ನನ್ನನ್ನ ಹಿಡ್ಯಾಕ ಯಾಕ ಬಳಸಿದ್ರಿ? ಕಳ್ಳಿ ನಾನೇನು?"

ಶಿವಶರಣಪ್ಪ ಎದ್ದು ನಿಂತ. "ಸರ್, ಹೊರಗಿನವರಿಗೆ ಹೇಳಿಲ್ರಿ. ಮನೀ ಮಂದಿಗೆ ಹೇಳೇನಿ. ಅಣ್ಣ ಕೇಳಿದ, ಅದಕ್ಕ..."

"ಖಾತೆ ನಿಮ್ಮಣ್ಣನ ಹೆಸರಿನ್ಯಾಗ ಐತೇನೋ?" ಎಂದು ಶಂಕ್ರೆವ್ವ ಹಿಂದಿನಿಂದ ಗದರಿದಳು.

"ನನ್ನ ಚುಕ್ಕಿ ನನಗ ತೋರಸ್ರಿ" ಎಂದಳು ನಿರ್ಮಲಾ. "ಅವರಿವರು ನೋಡ್ಯಾರ. ನಾ ಒಬ್ಬಾಕಿ ನೋಡಿಲ್ಲ."

ಸುತ್ತ ಜನ ಸೇರಿದ್ದರು. ಸತೀಶಕುಮಾರ ಬೇರೆ ದಾರಿ ಕಾಣದೆ ಕಂಪ್ಯೂಟರನ್ನು ಅವಳತ್ತ ತಿರುಗಿಸಿದ. ನಕಾಶೆಯ ಮೇಲೆ ಅವಳ ಹೆಸರಿನಿಂದ ಗೆರೆಗಳು ಹೊರಟಿದ್ದವು: ತಿಕೋಟಾ, ಬಬಲೇಶ್ವರದ ಓಣಿ, ಘೋಣಸಗಿಯ ತವರುಮನೆ. ಪೇಟೆಯ ಒಂದು ದವಾಖಾನೆಯ ಮೇಲೂ ಒಂದು ಚುಕ್ಕೆ ಕೂತಿತ್ತು. ಹೊಟ್ಟೆನೋವೆಂದು ಅವಳು ಯಾರಿಗೂ ಹೇಳದೆ ಒಬ್ಬಳೇ ಹೋಗಿ ಸ್ಕ್ಯಾನು ಮಾಡಿಸಿಕೊಂಡು ಬಂದ ಜಾಗ ಅದು. ತಾನು ಅಂಜಿ ಕೂತಿದ್ದ ಆ ಬೆಂಚನ್ನೂ ಇವರು ನೋಡಿದ್ದಾರೆ ಎನ್ನಿಸಿ ಅವಳ ಮೈ ಉರಿಯಿತು.

"ಇದರಾಗ ನಂದೂ ಐತೇನ್ರಿ?" ಎಂದು ಶಂಕ್ರೆವ್ವ ಬಗ್ಗಿದಳು.

ಪಕ್ಕದಲ್ಲಿ ನಿಂತು ಮಜಾ ನೋಡುತ್ತಿದ್ದ ಬಸಗೊಂಡಪ್ಪ ಎಂಬ ದ್ರಾಕ್ಷಿ ವ್ಯಾಪಾರಿಯ ನಗು ಮಾಯವಾಯಿತು. "ಹಂಗಾರ ನಂದೂ ಇರತೈತೇನು?" ಎಂದ. ಸತೀಶಕುಮಾರ ಕಂಪ್ಯೂಟರನ್ನು ಮರಳಿ ತನ್ನತ್ತ ತಿರುಗಿಸಿಕೊಂಡ. ಅದೇ ಉತ್ತರವಾಗಿ, ಸಾಲಿನಲ್ಲಿ ನಿಂತವರೆಲ್ಲ ತಮ್ಮ ತಮ್ಮ ಫೋನುಗಳನ್ನು ಕಿಸೆಯಿಂದ ತೆಗೆದು ನೋಡಿಕೊಳ್ಳತೊಡಗಿದರು. ಮಾತು ಒಂದಕ್ಕೊಂದು ಹತ್ತಿ ಬ್ಯಾಂಕು ಸಂತೆಯಾಯಿತು.

ನಿರ್ಮಲಾ ಗದ್ದಲಕ್ಕೆ ದನಿ ಸೇರಿಸಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

"ನನ್ನಿಂದ ಏನೇನ ತಗೊಂಡೀರಿ, ಯಾರ್ಯಾರಿಗೆ ತೋರ್ಸೀರಿ, ಬರದ ಕೊಡ್ರಿ. ಆಮ್ಯಾಲೆ ಅಳಸ್ರಿ."

"ಅದು ಹೆಡ್ ಆಫೀಸಿನ ಕೈಯಾಗ ಇರತೈತ್ರಿ."

"ಕೇಳ್ರಿ ಅವರ್ನ. ನಾ ಕುಂತಿರ್ತೇನಿ. ಎಲ್ಲಿ ಕುಂತೇನಿ ಅಂತ ಹುಡುಕೂ ತ್ರಾಸಿಲ್ಲ ಇವತ್ತ ನಿಮಗ."

ಬಾಗಿಲು ಮುಚ್ಚುವ ಹೊತ್ತಿನವರೆಗೆ ಅವಳು ಏಳಲಿಲ್ಲ. ಸುದ್ದಿ ತಿಳಿದ ಪೀರಾಂಬಿ ಗುಂಪಿನ ಉಳಿದ ಹೆಂಗಸರನ್ನೂ ಕರೆದುಕೊಂಡು ಬಂದಳು. ಕೊನೆಗೆ ಸತೀಶಕುಮಾರ ಅವಳ ದೂರನ್ನು ಬರೆದುಕೊಂಡು, ಬ್ಯಾಂಕಿನ ಮುದ್ರೆ ಒತ್ತಿ, ಒಂದು ಪ್ರತಿ ಅವಳ ಕೈಗೆ ಕೊಟ್ಟ. ಅವನ ಎದುರಿಗೇ ಅವಳು ಫೋನಿನಿಂದ ಆ್ಯಪನ್ನು ಕಿತ್ತುಹಾಕಿದಳು.

"ಮತ್ತ ವ್ಯವಹಾರ ಹೆಂಗ ಮಾಡ್ತೀರಿ ಅಕ್ಕಾರ?"

"ಚೆಕ್ ಬುಕ್ ಕೊಡ್ರಿ. ನನಗ ಕಾಲದಾವ, ನಡಕೊಂಡು ಬರ್ತೇನಿ."

ಮನೆಗೆ ಬಂದಾಗ ಸಿದ್ದರಾಮ ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದ. ಶಿವಶರಣಪ್ಪ ಆಗಲೇ ಫೋನಿನಲ್ಲಿ ಅತ್ತುಕೊಂಡಿದ್ದನೆಂದು ಕಾಣುತ್ತದೆ.

"ಪ್ಯಾಟ್ಯಾಗ ಮಾನಾ ಕಳದು ಬಂದಿ?"

"ನನ್ನ ಮಾನಾ ನಾ ತಗೊಂಡು ಬಂದೇನ್ರಿ" ಎಂದಳು ನಿರ್ಮಲಾ. "ನಾ ಸುಳ್ಳ ಹೇಳಿದ್ದು ತಪ್ಪ. ಅದನ್ನ ಒಪ್ಪಿದೆ. ಆದ್ರ ಖರೇ ಹೇಳೂದು ನಂದಿತ್ತು. ನನ್ನ ಬಾಯಾಗಿನ ಮಾತ ಅವರು ಕಸಗೊಂಡ್ರು, ನೀವು ಅವರ ಕೈಯಾಗ ನನ್ನ ಹಗ್ಗಾ ಕೊಟ್ರಿ. ಇಷ್ಟ ವರ್ಷ ಬಾಳೇವು ಮಾಡೇನಿ, 'ಯಾಕ ಹೋದಿ' ಅಂತ ಒಮ್ಮೆ ಕೇಳಲಿಲ್ಲ ನೀವು. 'ಎಲ್ಲಿ ಹೋದಿ' ಅಂತ ಬ್ಯಾಂಕಿನವರ್ನ ಕೇಳಿದ್ರಿ."

ಸಿದ್ದರಾಮ ಏನೋ ಹೇಳಲು ಬಾಯಿ ತೆರೆದ.

"ಕೇಳ್ರಿ ಇಲ್ಲಿ. ಬಬಲೇಶ್ವರದ ಓಣ್ಯಾಗ ನಿಮ್ಮ ಮೊಮ್ಮಗಳದಾಳ. ನಿಮ್ಮಂಗ ಹುಬ್ಬು ಕೂಡ್ಯಾವ. ಅದನ್ನ ನಿಮ್ಮ ನಕಾಶಿ ಹೇಳಿತೇನು?"

ಅವನು ಪೈಪಿನ ಸುರುಳಿಯ ಮೇಲೆ ಕೂತುಬಿಟ್ಟ. ನಿರ್ಮಲಾ ಹೇಳಬೇಕೆಂದುಕೊಂಡ ರೀತಿ ಇದಾಗಿರಲಿಲ್ಲ. ಆದರೂ ಹೇಳಿದವಳು ತಾನು, ತನ್ನ ಬಾಯಿಂದ.

ಕೆಲವು ವಾರಗಳಲ್ಲಿ ಹೆಡ್ ಆಫೀಸಿನಿಂದ ಉತ್ತರ ಬಂತು. ವಿಷಾದಿಸುತ್ತೇವೆ, ಅಳಿಸಿದ್ದೇವೆ, ಶಾಖೆಯ ಸಿಬ್ಬಂದಿಗೆ ಇನ್ನು ಆ ನಕಾಶೆ ಕಾಣುವುದಿಲ್ಲ ಎಂದಿತ್ತು. ಶಿವಶರಣಪ್ಪನನ್ನು ಬೇರೆ ಊರಿಗೆ ಹಾಕಿದರು. ಅಳಿಸಿದ್ದು ಖರೇನೋ ಸುಳ್ಳೋ, ನಿರ್ಮಲಾಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ರೊಟ್ಟಿಯ ಗುಂಪಿನ ಹೆಂಗಸರೆಲ್ಲ ಒಂದು ಮಧ್ಯಾಹ್ನ ಕೂತು, ಯಾವ ಆ್ಯಪಿಗೆ ಏನೇನು ಕೊಟ್ಟಿದ್ದೇವೆ ಎಂದು ಒಬ್ಬರ ಫೋನನ್ನು ಒಬ್ಬರು ನೋಡಿ ಒಂದೊಂದನ್ನೇ ಬಂದ್ ಮಾಡಿದರು.

ಆದರೆ ಆ ಉತ್ತರಕ್ಕಾಗಿ ಅವಳು ಕಾಯುತ್ತ ಕೂತಿರಲಿಲ್ಲ. ಬ್ಯಾಂಕಿನ ಗಲಾಟೆಯಾದ ಮರುವಾರವೇ ಗುರುವಾರ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಗಂಟು ಹಿಡಿದುಕೊಂಡು, ಹಿತ್ತಲ ಬಾಗಿಲು ಬಿಟ್ಟು ಅಂಗಡಿಯ ಮುಂದಿನಿಂದಲೇ ಹೊರಟಳು. ಒಳಗೆ ಗಿರಾಕಿಗಳಿದ್ದರು. ಸಿದ್ದರಾಮ ಹನಿ ನೀರಾವರಿಯ ತೂತಿನ ಪೈಪು ಅಳೆಯುತ್ತಿದ್ದ.

"ಬಬಲೇಶ್ವರಕ್ಕ ಹೊಂಟೇನ್ರಿ" ಎಂದಳು, ಎಲ್ಲರಿಗೂ ಕೇಳುವಂತೆ. "ಶಾಂಭವಿ ಮನಿಗೆ."

ಗಿರಾಕಿಗಳು ಅವನ ಮುಖ ನೋಡಿದರು. ಅವನು ಪೈಪಿನಿಂದ ಕಣ್ಣೆತ್ತಲಿಲ್ಲ. ಬೇಡವೆನ್ನಲೂ ಇಲ್ಲ. ಅಳತೆ ಮುಗಿಸಿ, "ನನಗ ಊಟ?" ಎಂದ.

"ಬುಟ್ಟ್ಯಾಗ ರೊಟ್ಟಿ ಅದಾವ. ಗಡಿಗ್ಯಾಗ ಮಸರೈತಿ. ಹಚಗೊಂಡು ಉಣ್ರಿ" ಎಂದು ನಿರ್ಮಲಾ ರಸ್ತೆಗಿಳಿದು, ತಿಕೋಟಾ ಬಸ್ಸಿಗೆ ಕೈ ಮಾಡಿದಳು.